ಫೆಬ್ರವರಿ ಎಂಟರ ಡಿಸ್ಚಾರ್ಜ್ ಪೇಪರ್

೧

ಎಲ್ಲಿಂದ ಶುರು ಮಾಡಲಿ? ಫ್ಯಾಮಿಲಿ ಕೋರ್ಟಿನಿಂದ ಶುರು ಮಾಡಿದರೆ ಎರಡನೇ ಸಾಲಿಗೇ ನೀವು ಯಾರ ತಪ್ಪು ಎಂದು ತೀರ್ಮಾನಿಸಿಬಿಡುತ್ತೀರಿ. ಮದುವೆಯಿಂದ ಶುರು ಮಾಡೋಣವೆಂದು ಒಂದು ಪುಟ ಬರೆದೆ. ಹಾಲ್, ಊಟ, ಊರಿನಿಂದ ಬಸ್ಸು ಮಾಡಿಕೊಂಡು ಬಂದ ನೆಂಟರು. ಹರಿದು ಹಾಕಿದೆ. ಈ ಕಥೆಗೆ ಮುಖ್ಯವಾದವಳು ಆಗ ಹುಟ್ಟಿಯೇ ಇರಲಿಲ್ಲ.

ಆದ್ದರಿಂದ ಫಾರ್ಮಿನಿಂದಲೇ ಶುರು. ಕಾಮೋಠೆಯ ಒಂದು ಆಸ್ಪತ್ರೆ, ಜೂನ್ ತಿಂಗಳ ಸೋಮವಾರ, ಬೆಳಿಗ್ಗೆ ಹನ್ನೊಂದು. ಇನ್ಶೂರೆನ್ಸ್ ಡೆಸ್ಕಿನ ಎದುರು ಕೂತು ನಿಶ್ಮಿತಾ ಮಗಳ ಕ್ಲೇಮ್ ಫಾರ್ಮ್ ತುಂಬುತ್ತಿದ್ದಾಳೆ. ಮಗಳು ಅನುಷ್ಕಾ, ಒಂಬತ್ತು ವರ್ಷ, ಮೇಲಿನ ವಾರ್ಡಿನಲ್ಲಿ ಮುಖಕ್ಕೆ ಮಾಸ್ಕ್ ಹಾಕಿಸಿಕೊಂಡು ಕಾರ್ಟೂನ್ ನೋಡುತ್ತಿದ್ದಾಳೆ. ಹಿಂದಿನ ದಿನ ಸಂಜೆ ಅವಳಿಗೆ ಉಸಿರು ಕಟ್ಟಿ ತುಟಿ ನೀಲಿಯಾಗಿತ್ತು. (ಮಗುವಿಗೆ ಏನೂ ಆಗುವುದಿಲ್ಲ. ಈಗಲೇ ಹೇಳಿಬಿಡುತ್ತೇನೆ. ಮಗುವಿನ ಜೀವವನ್ನು ಮುಂದಿಟ್ಟು ನಿಮ್ಮನ್ನು ಕೊನೆಯವರೆಗೆ ಓದಿಸುವಷ್ಟು ಕೆಟ್ಟವನಲ್ಲ ನಾನು.)

ಪಾಲಿಸಿ ಅಪ್ಪನ ಕಂಪನಿಯದು. ಅಪ್ಪ ರಂಜನ್ ಠಾಣೆ ಪಟ್ಟಣದ ಘೋಡಬಂದರ್ ರಸ್ತೆಯ ಫ್ಲ್ಯಾಟಿನಲ್ಲಿ ಒಬ್ಬನೇ ಇದ್ದಾನೆ. ಗಂಡಹೆಂಡತಿ ಬೇರೆಯಾಗಿ ಎರಡು ವರ್ಷ, ಕೇಸು ನಡೆಯುತ್ತಿದೆ. ಮಗಳು ಅಮ್ಮನ ಜೊತೆ, ತಿಂಗಳಿಗೆ ಎರಡು ವೀಕೆಂಡ್ ಮಾತ್ರ ಅಪ್ಪನ ಮನೆ. ಹೀಗಾಗಿ ಮಗುವಿಗೆ ಹುಷಾರು ತಪ್ಪಿದ್ದು ಅಮ್ಮನಿಗೆ ಗೊತ್ತಾಗುತ್ತದೆ, ಅದರ ಓಟಿಪಿ ಅಪ್ಪನ ಫೋನಿಗೆ ಬರುತ್ತದೆ.

ಓಟಿಪಿಯನ್ನು ರಂಜನ್ ಎರಡೇ ನಿಮಿಷದಲ್ಲಿ ಕಳಿಸಿದ. ಜೊತೆಗೆ, 'ಹೇಗಿದ್ದಾಳೆ? ಬರಲಾ?'

'ಓಕೆ. ಬೇಡ' ಎಂದು ನಿಶ್ಮಿತಾ ಉತ್ತರಿಸಿದಳು. ಅವನು ಮತ್ತೇನೋ ಟೈಪ್ ಮಾಡುತ್ತಿರುವುದು ಕಾಣುತ್ತಿತ್ತು. ಆಮೇಲೆ ಅದು ನಿಂತಿತು. ಅವಳು ಫಾರ್ಮಿಗೆ ಮರಳಿದಳು. 'ಈ ತೊಂದರೆ ಹಿಂದೆ ಬಂದಿತ್ತೇ?' ಇಲ್ಲ, ಎಂದು ಬರೆದಳು.

೨

ಎರಡು ಗಂಟೆಗೆ ಡೆಸ್ಕಿನ ಸೋನಾಲಿ ಅವಳನ್ನು ಕರೆದಳು. "ಮ್ಯಾಡಮ್, ಕ್ವೆರಿ ಆಯೀ ಹೈ."

ವಿಮೆಯವರು ತಡೆಹಿಡಿದಿದ್ದರು. ಇದೇ ಮಗು, ಇದೇ ತೊಂದರೆ, ಫೆಬ್ರವರಿ ಎಂಟಕ್ಕೆ ಠಾಣೆಯ ಒಂದು ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಿತ್ತು, ಅದರ ಪೇಪರ್ ಕೊಡಿ; ಫಾರ್ಮಿನಲ್ಲಿ 'ಇಲ್ಲ' ಎಂದು ಯಾಕೆ ಬರೆದಿರಿ, ಅದನ್ನೂ ತಿಳಿಸಿ.

"ಬೇರೆ ಯಾರದ್ದೋ ಇರಬೇಕು," ಎಂದು ನಿಶ್ಮಿತಾ ಹಿಂದಿಯಲ್ಲೇ ಹೇಳಿದಳು.

"ನಾಮ್ ಸೇಮ್ ಹೈ ಮ್ಯಾಡಮ್. ಬರ್ತ್ ಡೇಟ್ ಭೀ."

ನಿಶ್ಮಿತಾ ಫೋನಿನ ಕ್ಯಾಲೆಂಡರ್ ತೆಗೆದಳು. ಫೆಬ್ರವರಿ ಎಂಟು, ಶನಿವಾರ. ಅವಳೇ ಬರೆದಿಟ್ಟಿದ್ದಳು: 'ಪಪ್ಪಾ ವೀಕೆಂಡ್'.

(ಮೊದಲ ಕರಡಿನಲ್ಲಿ ಇಲ್ಲಿ ಅವಳನ್ನು ಅಳಿಸಿದ್ದೆ. ಆಮೇಲೆ ಆ ಅಳುವನ್ನೇ ಅಳಿಸಬೇಕಾಯಿತು. "ನಾನು ಅಳ್ಲಿಲ್ಲ ಮಾರಾಯ್ರೆ. ಪೆನ್ನಿನ ಕ್ಯಾಪ್ ಕಚ್ಚಿದೆ. ಇಲ್ಲದ್ದು ಬರೀಬೇಡಿ," ಎಂದಳು ನಿಶ್ಮಿತಾ, ಓದಿ ಹೇಳಿದಾಗ. ಸರಿ. ಪೆನ್ನಿನ ಕ್ಯಾಪ್ ಕಚ್ಚಿದಳು.)

೩

ಫೋನಿನಲ್ಲಿ ಅವರಿಬ್ಬರು ಮಾತಾಡಿದ್ದು ತುಳುವಿನಲ್ಲಿ. ಕನ್ನಡದಲ್ಲಿ ಕೊಡುತ್ತಿದ್ದೇನೆ. ಸಂಸಾರ ಮಾಡುವಾಗ ಅವಳು ಅವನಿಗೆ ಬಹುವಚನ ಹಾಕುತ್ತಿದ್ದಳು. ಕೋರ್ಟು ಹತ್ತಿದ ಮೇಲೆ ಏಕವಚನ.

"ಫೆಬ್ರವರಿಯಲ್ಲಿ ಅವಳನ್ನು ಅಡ್ಮಿಟ್ ಮಾಡಿದ್ದಿಯಾ?"

"ಒಂದೇ ದಿವಸ. ಪಕ್ಕದಲ್ಲಿ ಟವರ್ ಕಟ್ತಿದ್ದಾರಲ್ಲ, ಆ ಧೂಳಿಗೆ ಉಸಿರು ಹಿಡ್ಕೊಂಡಿತು. ಮರುದಿನ ಆಡ್ತಾ ಇದ್ಲು."

"ಡಾಕ್ಟ್ರು ಏನಂದ್ರು?"

"ಆಸ್ತಮಾದ ಶುರು ಇರ್ಬಹುದು ಅಂದ್ರು. ಇನ್ಹೇಲರ್ ಕೊಟ್ರು."

"ಎಲ್ಲುಂಟು ಅದು?"

"ಇಲ್ಲೇ. ನನ್ನ ಹತ್ರ."

ನಾಲ್ಕು ತಿಂಗಳು ಮಗಳು ಕಾಮೋಠೆಯಲ್ಲಿ, ಇನ್ಹೇಲರ್ ಘೋಡಬಂದರಿನಲ್ಲಿ.

"ಹೇಳಿದ್ರೆ ನೀನು ವಕೀಲ್ರಿಗೆ ಹೇಳ್ತಿದ್ದಿ," ಎಂದ ರಂಜನ್. "ಸೈಕಲಿಂದ ಬಿದ್ದದ್ದಕ್ಕೆ ಏನಾಯ್ತು?"

ಕಳೆದ ವರ್ಷ ಅಪ್ಪನ ಮನೆಯಲ್ಲಿ ಅನುಷ್ಕಾ ಸೈಕಲಿನಿಂದ ಬಿದ್ದು ಮಂಡಿಗೆ ಮೂರು ಹೊಲಿಗೆ ಬಿದ್ದಿದ್ದವು. ಕೋರ್ಟಿನ ಕಾಗದದಲ್ಲಿ ಅದು 'ತಂದೆಯ ನಿರ್ಲಕ್ಷ್ಯ'ವಾಯಿತು. ನಾಲ್ಕು ವೀಕೆಂಡ್ ಎರಡಾಯಿತು. ಆ ಪದ ವಕೀಲರದು, ಕೆಳಗಿನ ಸಹಿ ನಿಶ್ಮಿತಾಳದು.

ರಂಜನ್ ಡಿಸ್ಚಾರ್ಜ್ ಪೇಪರಿನ ಫೋಟೊ ಕಳಿಸಿದ. ಅದರಲ್ಲೊಂದು ಸಾಲು: 'ತಾಯಿ ಊರಿನಲ್ಲಿಲ್ಲ.' ಅಂದು ಅವಳು ಇದೇ ಕಾಮೋಠೆಯಲ್ಲಿ, ಮನೆಯ ಪರದೆ ಒಗೆಯುತ್ತಿದ್ದಳು. ಆ ಸಾಲು ಓದಿದ ಸಿಟ್ಟಿನಲ್ಲಿ ಫೋಟೊವನ್ನು ತನ್ನ ವಕೀಲ ದಯಾನಂದರಿಗೆ ದಾಟಿಸಿದಳು.

ಐದು ನಿಮಿಷದಲ್ಲಿ ಅವರ ಫೋನು. "ಇದೊಂದು ಸಾಕಮ್ಮ. ಗುರುವಾರ ಕೋರ್ಟಿನ ಡೇಟ್ ಉಂಟಲ್ಲ, ವೀಕೆಂಡ್ ಪೂರಾ ನಿಲ್ಲಿಸ್ಲಿಕ್ಕೆ ಕೇಳುವ. ಇನ್ಶೂರೆನ್ಸಿನವ್ರಿಗೆ ಲೆಟರ್ ಕೊಡುವಾಗ ತಂದೆ ಮುಚ್ಚಿಟ್ಟದ್ದು ಅಂತ ಸ್ಪಷ್ಟ ಬರೀರಿ."

೪

ಅವಳು ವಾರ್ಡಿಗೆ ಹೋದಳು. ಕೇಳುವ ಮೊದಲೇ ಮಗಳಿಗೆ ಅಮ್ಮನ ಮುಖದಿಂದ ಗೊತ್ತಾಯಿತು. ಮಾಸ್ಕ್ ಕೆಳಗೆ ಸರಿಸಿದಳು.

"ಪಪ್ಪಾ ಕೋ ಮತ್ ಡಾಂಟೋ. ಮೈನೇ ಬೋಲಾ ಥಾ, ಮಮ್ಮಾ ಕೋ ಮತ್ ಬತಾನಾ." ಪಪ್ಪನಿಗೆ ಬೈಯಬೇಡ, ನಿನಗೆ ಹೇಳುವುದು ಬೇಡ ಎಂದದ್ದು ನಾನೇ.

"ಯಾಕೆ ಪುಟ್ಟಾ?"

"ಫಿರ್ ಯೇ ದೋ ಭೀ ಕಟ್ ಹೋ ಜಾತೇ." ಉಳಿದ ಎರಡು ವೀಕೆಂಡೂ ಹೋಗುತ್ತಿದ್ದವಲ್ಲ.

"ನಿನ್ನೆ ಯಾವಾಗಿಂದ ಎದೆ ಬಿಗೀತಿತ್ತು?"

ಅನುಷ್ಕಾ ಟಿವಿ ನೋಡುತ್ತಲೇ, "ಸುಬಹ್ ಸೇ," ಎಂದಳು.

ಬೆಳಿಗ್ಗೆಯಿಂದ. ದೋಸೆ ತಿಂದಿದ್ದಳು, ಹೋಂವರ್ಕ್ ಮಾಡಿದ್ದಳು, ಅಮ್ಮನ ಜೊತೆ ತರಕಾರಿಗೆ ಹೋಗಿಬಂದಿದ್ದಳು. ಸಂಜೆಯವರೆಗೆ ಬಾಯಿ ಬಿಟ್ಟಿರಲಿಲ್ಲ.

(ಇಲ್ಲಿ ನನ್ನ ಕಡೆಯಿಂದ ಒಂದು ಮಾತು ಸೇರಿಸಬೇಕೆಂದು ಅರ್ಧ ದಿನ ಕೂತೆ. ಸಿಗಲಿಲ್ಲ.)

೫

ನಾಲ್ಕೂವರೆಗೆ ರಂಜನ್ ಇನ್ಹೇಲರ್ ಹಿಡಿದುಕೊಂಡು ಬಂದ. ವಿಮೆಗೆ ಕೊಡುವ ಲೆಟರಿಗೆ ಇಬ್ಬರ ಸಹಿಯೂ ಬೇಕಿತ್ತು. ಸೋನಾಲಿ ಬಿಳಿ ಹಾಳೆ ಕೊಟ್ಟಳು.

ಅಂತ್ಯ ಒಂದು: ವಕೀಲರು ಹೇಳಿದಂತೆ ನಿಶ್ಮಿತಾ ಬರೆಯುತ್ತಾಳೆ, ರಂಜನ್ ಸಹಿ ಹಾಕಲೊಪ್ಪುವುದಿಲ್ಲ, ಕ್ಲೇಮ್ ಪಾಸಾಗದೆ ಮಗು ಆಸ್ಪತ್ರೆಯಲ್ಲೇ ಉಳಿಯುತ್ತದೆ. ಅಂತ್ಯ ಎರಡು: 'ನನಗೆ ಮರೆತುಹೋಗಿತ್ತು' ಎಂದು ಸುಳ್ಳು ಬರೆಯುತ್ತಾಳೆ. ಅಂತ್ಯ ಮೂರು: ಮಗುವಿನ ಮಂಚದ ಎರಡೂ ಬದಿಗೆ ನಿಂತು ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾರೆ, ಮತ್ತೆ...

"ಅದೆಲ್ಲ ಬೇಡ," ಎಂದರು ಇಬ್ಬರೂ. ಎರಡು ವರ್ಷದಲ್ಲಿ ಒಟ್ಟಿಗೆ ಒಪ್ಪಿದ ಮೊದಲ ಮಾತು.

ಅವಳು ಬರೆದದ್ದು ಇಷ್ಟು: 'ಫಾರ್ಮ್ ತುಂಬುವಾಗ ನನಗೆ ಫೆಬ್ರವರಿಯ ವಿಷಯ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ. ಪೇಪರ್ ಲಗತ್ತಿಸಿದೆ.' ಯಾರು ಮುಚ್ಚಿಟ್ಟರೆಂದು ಬರೆಯಲಿಲ್ಲ. ರಂಜನ್ ಎರಡು ಸಲ ಓದಿ ಸಹಿ ಹಾಕಿದ. "ಥ್ಯಾಂಕ್ಸ್," ಎಂದ.

"ನಿನಗಾಗಿ ಅಲ್ಲ. ಆ ನಾಲ್ಕು ತಿಂಗಳನ್ನು ನಾನು ಮರೀಲಿಕ್ಕಿಲ್ಲ," ಎಂದಳು.

ಆರೂವರೆಗೆ ಅಪ್ರೂವಲ್ ಬಂತು.

ಅವಳು ದಯಾನಂದರಿಗೆ ಫೋನು ಮಾಡಿದಳು. "ಆ ಪೇಪರ್ ಕೋರ್ಟಿಗೆ ಹಾಕ್ಬೇಡಿ ಸರ್."

"ಇವತ್ತು ಸಿಟ್ಟು ಇಳಿದಿದೆ, ನಾಳೆ ಏರ್ತದೆ. ಗುರುವಾರ ಬೆಳಿಗ್ಗೆ ಹೇಳಿ, ಆಗ ನೋಡುವ."

ಫೋಟೊ ಅವರ ಫೋನಿನಲ್ಲಿ ಉಳಿಯಿತು.

೬

ಗುರುವಾರ ಬಂತು, ಹೋಯಿತು. ಅಂದು ಏನಾಯಿತೆಂದು ನನಗೆ ಗೊತ್ತು. ಒಂದೂವರೆ ಪುಟ ಬರೆದೂ ಇದ್ದೆ. ನಿಶ್ಮಿತಾಳಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು.

"ತಪ್ಪಿಲ್ಲ, ಹಾಗೇ ಆದದ್ದು," ಎಂದಳು. "ಆದ್ರೆ ತೆಗೀರಿ. ನನ್ನ ಅಮ್ಮ ಅನುಷ್ಕಾಗೆ ಕನ್ನಡ ಅಕ್ಷರ ಕಲಿಸ್ತಿದ್ದಾರೆ. ಈಗ ಒತ್ತಕ್ಷರಕ್ಕೆ ಬಂದಿದ್ದಾಳೆ."

ತೆಗೆದೆ.