ಹತ್ತು ಎಣಿಸುವಷ್ಟರಲ್ಲಿ

ಅಂಚಿನಿಂದ ಶುರುವಾಗುತ್ತದೆ ಒಣಗುವುದು, ನಡುವಿನಿಂದಲ್ಲ, ಇಷ್ಟು ದಿನ ಗಮನಿಸಿಯೇ ಇರಲಿಲ್ಲವಲ್ಲ ಎಂದುಕೊಂಡಳು ಅವಳು — ಕರಿಹಲಗೆಯ ಮೇಲೆ ಈಗಷ್ಟೇ ಒದ್ದೆ ಬಟ್ಟೆಯಿಂದ ಒರೆಸಿದ ತಟ್ಟೆಯಗಲದ ಗುರುತು, ಮೊದಲು ಇದ್ದಿಲಿನಷ್ಟು ಕಪ್ಪಗಿದ್ದದ್ದು, ಈಗ ಅದರ ಸುತ್ತ ಬೂದುಬಣ್ಣದ ಗೆರೆಯೊಂದು ಒಳಮುಖವಾಗಿ ತೆವಳುತ್ತಿದೆ, ಈ ನೀರು ಎಲ್ಲಿಗೆ ಹೋಗ್ತಾ ಇದೆ ಮಕ್ಕಳೇ ಎಂದು ಕೇಳಿಯಾಯಿತು, ಬಟ್ಟೆಯನ್ನು ಬಕೆಟ್ಟಿನ ಅಂಚಿಗೆ ಹಾಕಿಯಾಯಿತು, ಇನ್ನು ಬಾಯಿ ಬಿಗಿಹಿಡಿದು ಎಣಿಸುವುದೊಂದೇ ಕೆಲಸ, ಒಂದು. ಕೈ ಬೆನ್ನ ಹಿಂದೆ, ಒಂದೊಂದು ಎಣಿಕೆಗೆ ಒಂದೊಂದು ಬೆರಳು ಮಡಿಸುತ್ತ, ಮುಖದ ಮೇಲೆ ಯಾವ ಅವಸರವೂ ಇಲ್ಲದವಳ ನಗೆ, ಎದುರಿಗೆ ಐದನೇ ತರಗತಿಯ ನಲವತ್ತೊಂದು ಮಕ್ಕಳು, ಅವರೆಲ್ಲರ ಹಿಂದೆ, ಕೊನೆಯ ಬೆಂಚಿನಲ್ಲಿ, ಮಕ್ಕಳ ಅಳತೆಯ ಆ ಬೆಂಚಿಗೆ ಮೊಣಕಾಲು ಹಿಡಿಸದೆ ಅಡ್ಡಡ್ಡ ಕೂತ ಹಿರಿಯ ಮೇಡಂ, ತೊಡೆಯ ಮೇಲೆ ಹಸಿರು ಹಾಳೆ. ಹೊಸ ಟೀಚರುಗಳ ಪಾಠ ನೋಡಿ ಷರಾ ಬರೆಯುವ ಹಾಳೆ ಅದು. ಇದು ಮೂರನೆಯದು, ಕೊನೆಯದು. ಮೊದಲಿನ ಎರಡರಲ್ಲೂ ಒಂದೇ ಕೈಬರಹ, ಒಂದೇ ಮಾತು, ಪಾಠದ ಮಧ್ಯೆ ನಿಂತುಬಿಡುತ್ತಾರೆ, ವಿಷಯದ ತಯಾರಿ ಸಾಲದು. ಮೂರರಲ್ಲೂ ಅದೇ ಬಂದರೆ ಪ್ರೊಬೇಷನ್ ಮುಗಿದ ದಿನವೇ ಕೆಲಸವೂ ಮುಗಿಯಿತು, ನಮಸ್ಕಾರ, ಹೋಗಿ ಬನ್ನಿ. ಎರಡು.

ಬಾಗಿಲ ಹೊರಗೆ ನಿಲ್ಲಿಸಿಕೊಂಡು ಹೇಳಿದ್ದರಲ್ಲ ಹಿರಿಯ ಮೇಡಂ, ಕೆಟ್ಟ ಮನಸ್ಸಿನವರಲ್ಲ ಅವರು, ಕೆಟ್ಟವರಾಗಿದ್ದರೆ ಎಷ್ಟು ಸಲೀಸಾಗಿರುತ್ತಿತ್ತು, ಸೀಮೆಸುಣ್ಣ ಮೆತ್ತಿದ ಬೆರಳಲ್ಲಿ ಅವಳ ತೋಳು ಹಿಡಿದು, ನೋಡಮ್ಮ, ಬೇರೆಯವರಿಗೆಲ್ಲ ಬಾಯಿ ಮುಚ್ಚು ಅಂತ ಹೇಳಿ ಹೇಳಿ ಸಾಕಾಗಿದೆ ನಂಗೆ, ನಿಂಗೊಬ್ಬಳಿಗೆ ಬಾಯಿ ತೆಗಿ ಅಂತ ಹೇಳಬೇಕು, ಇವತ್ತೊಂದು ದಿನ ನಿಲ್ಲಿಸದೆ ಮಾತಾಡಿಬಿಡು ತಾಯಿ, ಹೂಂ ಅನ್ನು, ಅವಳು ಹೂಂ ಅಂದಿದ್ದಳು. ಅದಕ್ಕೂ ಮೊದಲೊಮ್ಮೆ ಹೇಳಲು ಹೋಗಿದ್ದಳು, ಮೇಡಂ, ಅದು ನಿಲ್ಲಿಸೋದಲ್ಲ, ಕಾಯೋದು, ಮಕ್ಕಳಿಗೆ ಯೋಚನೆ ಮಾಡೋಕೆ — ಮಾತು ಬೆಳ್ಳಿ ಮೌನ ಬಂಗಾರ ಅನ್ನೋದೆಲ್ಲ ಗಾದೇಲಿ ಚೆಂದ ಕಣಮ್ಮ, ತರಗತೀಲಿ ಮೌನ ಅಂದ್ರೆ ಟೀಚರಿಗೆ ಪಾಠ ಮರೆತಿದೆ ಅಂತಲೇ ಅರ್ಥ. ಸ್ಟಾಫ್‌ರೂಮಿನಲ್ಲಿ ಇದೇ ಮಾತಿಗೆ ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು, ಗಣಿತದ ಸರ್ ಅಂತೂ ದಿನಾ ಬೆಳಿಗ್ಗೆ, ಹೇಗಿದೀರಿ ಮೇಡಂ ಎಂದು ಕೇಳಿ, ಅವಳು ಬಾಯಿ ತೆರೆಯುವ ಮೊದಲೇ ಕೈಗಡಿಯಾರ ನೋಡಿಕೊಂಡು, ಅವಸರ ಇಲ್ಲ, ಹತ್ತು ಎಣಿಸ್ತೀನಿ, ನಿಧಾನಕ್ಕೆ ಯೋಚಿಸಿ ಹೇಳಿ — ವಿಮಾನದ ಮೇಡಂ ಎಂದು ಹೆಸರಿಟ್ಟವರೂ ಅವರೇ. ವಿಮಾನ ಇಳಿದು ಒಂದೂವರೆ ವರ್ಷವಾಯಿತು, ಹೆಸರು ಮಾತ್ರ ಇನ್ನೂ ತಲೆಯ ಮೇಲೆ ಹಾರಾಡುತ್ತಿದೆ. ಅಲ್ಲಿ ಹೇಗೆ ಮೇಡಂ, ಅಲ್ಲಿ ಮಕ್ಕಳು ಕೈಕಟ್ಟಿ ಕೂರಲ್ವಂತೆ ಹೌದಾ, ಎಂದು ತಾವಾಗಿಯೇ ಕೇಳುವರು, ಅವಳು ಅಲ್ಲಿ ಎಂದು ಶುರುಮಾಡಿದರೆ ಸಾಕು, ಬಂತಪ್ಪ ಅಲ್ಲಿ ಪುರಾಣ. ಹೇಳದಿದ್ದರೆ ಬಿಗುಮಾನ, ಹೇಳಿದರೆ ಜಂಬ. ಕೆಲಸ ಹೋದರೆ ಅಮ್ಮ ಬೇರೆ ಅನ್ನುತ್ತಾಳೆ, ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದೆನಲ್ಲೇ, ನನ್ನ ಮಗಳು ಹೊರದೇಶದಲ್ಲಿ ಟೀಚರ್ ಕೆಲಸ ಕಲಿತು ಬಂದಿದಾಳೆ ಅಂತ, ಇಲ್ಲಿ ಐದನೇ ಕ್ಲಾಸಿಗೂ ಬೇಡವಾದಳು ಅಂತ ಈಗ ಯಾವ ಮುಖ ಇಟ್ಕೊಂಡು ಹೇಳಲಿ. ಆಗಬಾರದು ಹಾಗೆ. ಈ ಕೆಲಸ ಬೇಕು ಅವಳಿಗೆ, ಈ ಕೋಣೆ ಬೇಕು, ಕಾಲು ಕುಂಟುವ ಈ ಮೇಜು, ಹಿಡಿ ಹೋದ ಈ ಬಕೆಟ್ಟು, ಈ ನಲವತ್ತೊಂದು ತಲೆ.

ಮೂರು. ಮೂರನೇ ಬೆಂಚು, ಕಿಟಕಿ ಪಕ್ಕ, ಗೊಂಬೆ. ಹಾಗೆಂದು ಕರೆಯುವುದು ಮಕ್ಕಳೇ, ವರ್ಷದ ನಡುವೆ ಬೇರೆ ಎಲ್ಲಿಂದಲೋ ಬಂದು ಸೇರಿದ ಹುಡುಗಿ, ಮನೆಯಲ್ಲಿ ಒಂದು ಭಾಷೆ, ಇಲ್ಲಿ ಇನ್ನೊಂದು ಭಾಷೆ, ಐದು ತಿಂಗಳಾಯಿತು, ಹಾಜರಿ ಕೂಗಿದಾಗ ಎದ್ದು ನಿಂತು ಕೂರುವುದು ಬಿಟ್ಟರೆ ಈ ಕೋಣೆಯಲ್ಲಿ ಅವಳ ದನಿ ಕೇಳಿದವರಿಲ್ಲ, ಮೂಗಿ ಇರಬೇಕು ಬಿಡಿ ಎಂದಿದ್ದರು ಗಣಿತದ ಸರ್. ಮೂಗಿಯಲ್ಲ. ಪ್ರಶ್ನೆ ಕೇಳಿದ ಮೇಲೆ ಆ ತುಟಿ ಅಲುಗುತ್ತದೆ, ಯಾರಿಗೂ ಕಾಣುವುದಿಲ್ಲ, ಅದು ಕಾಣುವಷ್ಟು ಹೊತ್ತು ಯಾರಾದರೂ ಸುಮ್ಮನಿದ್ದರಲ್ಲವೆ — ಒಳಗೆ ವಾಕ್ಯ ಕಟ್ಟುತ್ತಿರುತ್ತದೆ ಮಗು, ಗೂಡು ಕಟ್ಟುವ ಹಕ್ಕಿಯ ಹಾಗೆ ಒಂದೊಂದೇ ಕಡ್ಡಿ, ಒಂದು ಬಿದ್ದರೆ ಮತ್ತೆ ಹೆಕ್ಕಿ ತಂದು. ಮೊನ್ನೆ, ಹಸಿರು ಹಾಳೆ ಇಲ್ಲದ ದಿನ, ಎಣಿಕೆ ಹತ್ತು ದಾಟಿ ಹನ್ನೊಂದಕ್ಕೆ ಬಂದಾಗ ಗೊಂಬೆಯ ಕೈ ಎದ್ದಿತ್ತು, ಬೆಂಚಿನಿಂದ ಎದೆಯವರೆಗೆ, ಎದೆಯಿಂದ ಕಿವಿಯವರೆಗೆ, ಅಷ್ಟರಲ್ಲಿ ಗಂಟೆ ಹೊಡೆದು ಎಲ್ಲರೂ ದಡಬಡ ಎದ್ದರು, ಕೈ ಕೂದಲು ಸರಿಮಾಡಿಕೊಂಡ ಹಾಗೆ ಮಾಡಿ ಮೆಲ್ಲಗೆ ಕೆಳಗಿಳಿಯಿತು. ಆ ಕೈ. ಅವಳಿಗೆ ಗೊತ್ತು ಆ ಕೈ. ಅಲ್ಲಿ ಒಂದು ಚಳಿಗಾಲವಿಡೀ ಅದನ್ನೇ ಹೊತ್ತು ತಿರುಗಿದ್ದಳು.

ಅಲ್ಲಿ ಉದ್ದನೆಯ ಮೇಜು, ಸುತ್ತ ಹದಿನಾಲ್ಕು ಕುರ್ಚಿ, ಕೂತವರೆಲ್ಲ ಮುಂದೆ ಟೀಚರಾಗುವವರೇ, ಕಿಟಕಿಯ ಕೆಳಗೆ ಕೋಣೆ ಬೆಚ್ಚಗಿಡುವ ಬಿಸಿನೀರಿನ ಕೊಳವೆ ಟಿಕ್ ಟಿಕ್ ಎನ್ನುತ್ತಿತ್ತು, ಯಾರದೋ ಒದ್ದೆ ಕೋಟು ಅದರ ಮೇಲೆ ಹಬೆಯಾಡುತ್ತಿತ್ತು — ನೀರು ಎಲ್ಲಿಗೆ ಹೋಗುತ್ತದೆ, ನಾಲ್ಕು — ಕೆಂಪು ಸ್ವೆಟರಿನ ಪ್ರೊಫೆಸರು ಕೇಳಿದ್ದು ಎಳೆಮಗುವೂ ಉತ್ತರಿಸಬಹುದಾದ ಪ್ರಶ್ನೆ, ನಿಮಗೆ ಮೊಟ್ಟಮೊದಲು ಕಲಿಸಿದವರು ಯಾರು, ಏನು ಕಲಿಸಿದರು. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು, ಅಜ್ಜಿ, ಆದರೆ ಆ ಭಾಷೆಯಲ್ಲಿ ಅದರ ಹಿಂದೆ ಏನು ಬರಬೇಕು ಮುಂದೆ ಏನು, ಇಟ್ಟು, ತೆಗೆದು, ಒರೆಸಿ, ಮತ್ತೆ ಇಟ್ಟು, ಕೈ ಎದ್ದು ಕಿವಿಯ ಹತ್ತಿರ ಬರುವಷ್ಟರಲ್ಲಿ ಪಕ್ಕದವಳು ಏನೋ ಹೇಳಿ ಎಲ್ಲರೂ ನಕ್ಕಾಗಿತ್ತು, ಇವಳೂ ಒಂದು ಗಳಿಗೆ ತಡವಾಗಿ ನಕ್ಕು, ಎದ್ದ ಕೈಗೆ ಏನಾದರೂ ಕೆಲಸ ಕೊಡಬೇಕಲ್ಲ, ಕಿವಿಯ ಹಿಂದೆ ಕೂದಲು ಸಿಕ್ಕಿಸಿಕೊಂಡಳು. ಮಾರನೆಯ ದಿನವೂ, ಅದರ ಮಾರನೆಯ ದಿನವೂ. ಆ ಚಳಿಗಾಲದಲ್ಲಿದ್ದಷ್ಟು ಓರಣವಾಗಿ ಅವಳ ಕೂದಲು ಹುಟ್ಟಿದಾಗಿನಿಂದ ಇದ್ದದ್ದಿಲ್ಲ. ಚರ್ಚಾಸ್ಪರ್ಧೆಯಲ್ಲಿ ಎದುರಿನವರ ಬೆವರಿಳಿಸಿದವಳು, ಮಾತಿನಮಲ್ಲಿ, ಅಪ್ಪ ಕರೆಯುತ್ತಿದ್ದದ್ದೇ ವಟವಟಿ ಎಂದು, ಅಲ್ಲಿ ಎಲ್ಲರ ಬಾಯಲ್ಲೂ ಆ ಶಾಂತ ಹುಡುಗಿ. ವಾರಕ್ಕೆರಡು ದಿನ ಪಾಠ ಮಾಡಲು ಕಳಿಸುತ್ತಿದ್ದ ಶಾಲೆಯಲ್ಲಿ ಎಂಟು ವರ್ಷದ ಮಕ್ಕಳು ಅವಳ ಉಚ್ಚಾರ ತಿದ್ದುತ್ತಿದ್ದರು, ಹಾಗಲ್ಲ ಮಿಸ್, ಹೀಗೆ, ಇನ್ನೊಂದು ಸಲ ಹೇಳಿ, ಒಬ್ಬ ತಾಯಿ ಬಂದು, ನನ್ನ ಮಗನನ್ನು ಬೇರೆ ಗುಂಪಿಗೆ ಹಾಕಬಹುದೇ, ನಿಮ್ಮ ಬಗ್ಗೆ ಏನೂ ಇಲ್ಲ ಎಂದು ನಗುನಗುತ್ತ ಕೇಳಿದ್ದಳು, ಇವಳೂ ನಗುನಗುತ್ತಲೇ ಆಗಲಿ ಎಂದು, ಟಾಯ್ಲೆಟ್ಟಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತಿದ್ದಳು, ನಲ್ಲಿಯ ಸದ್ದಿನಲ್ಲಿ ಅಳು ಯಾವ ಭಾಷೆಯದೆಂದು ಯಾರಿಗೂ ತಿಳಿಯುವುದಿಲ್ಲ.

ಐದು. ಪ್ರೊಫೆಸರಿಗೆ ಆ ಕೈ ಹೇಗೆ ಕಂಡಿತೋ, ಒಂದು ದಿನ ಅವಳತ್ತ ತಿರುಗಿ ಅದೇ ಪ್ರಶ್ನೆ ಮತ್ತೆ ಕೇಳಿದರು, ಎದ್ದ ಬೇರೆ ಕೈಗಳಿಗೆ ಬೇಡವೆಂದು ಸಣ್ಣಗೆ ತಲೆಯಾಡಿಸಿದರು, ಕೈ ಬೆನ್ನ ಹಿಂದೆ ಕಟ್ಟಿ ನಿಂತುಬಿಟ್ಟರು, ಅವರ ಹಿಂದಿನ ಗಾಜಿನ ಬೀರುವಿನಲ್ಲಿ ಬೆರಳುಗಳು ಕಾಣುತ್ತಿದ್ದವು, ಒಂದೊಂದೇ ಮಡಿಸುತ್ತಿದ್ದರು, ಎಂಟು, ಒಂಬತ್ತು, ಬೆರಳೆಲ್ಲ ಮುಗಿದ ಮೇಲೆ ಮತ್ತೆ ಮೊದಲಿನಿಂದ — ನನ್ನ ಅಜ್ಜಿ, ಎಂದಳು ಅವಳು, ಅಜ್ಜಿ ಕತೆ, ನಿಲ್ಲಿಸುತ್ತಾಳೆ, ಕಾಯುತ್ತಾಳೆ, ನಾನು ಹೂಂ, ಆಮೇಲೆ ಕತೆ. ಮೂಳೆ ಮುರಿದ ವಾಕ್ಯ. ಅವರು ತಿದ್ದಲಿಲ್ಲ, ಹಲಗೆಯ ಮೇಲೆ ಕಾಯುವುದು ಎಂದು ಬರೆದು ಕೆಳಗೆ ಗೆರೆ ಎಳೆದರು, ಈ ವರ್ಷ ನಾವು ಕಲಿಯಬೇಕಾದದ್ದು ಇದೊಂದೇ ಎಂದರು. ಅಲ್ಲಿಯವರೆಗೆ ಬರೀ ಸರ್ಟಿಫಿಕೇಟಾಗಿದ್ದ ಓದು ಆ ಗಳಿಗೆಯಲ್ಲಿ ಅವಳ ಮೈಯೊಳಗೆ ಇಳಿಯಿತು, ಟೀಚರಾದರೆ ಹೀಗೆ ಆಗಬೇಕು, ಇಲ್ಲವಾದರೆ ಬೇಡ. ಆದರೆ ಅದೇ ಪ್ರೊಫೆಸರು ಹೊರಡುವಾಗ ಕೊಟ್ಟ ಪತ್ರದಲ್ಲಿ ಏನಿತ್ತು, ಗುಂಪಿನಲ್ಲೇ ಅತ್ಯಂತ ಶಾಂತ ಸ್ವಭಾವದ ವಿದ್ಯಾರ್ಥಿನಿ, ಚೆನ್ನಾಗಿ ಕೇಳಿಸಿಕೊಳ್ಳುತ್ತಾಳೆ. ಒಂದು ವರ್ಷಕ್ಕೆ ಎರಡು ಸಾಲು. ಹನ್ನೆರಡು ತಿಂಗಳಲ್ಲಿ ಅವರೂ ಕಾದದ್ದು ಒಂದೇ ಸಲ, ಮೊದಲ ಬಾರಿ ಈಗ ಹೊಳೆಯುತ್ತಿದೆ ಅದು, ಒಂದೇ ಒಂದು ಸಲ, ಆ ಒಂದನ್ನೇ ಇವಳು ಕಣ್ಣಿಗೊತ್ತಿಕೊಂಡು ಸಮುದ್ರ ದಾಟಿಸಿ ತಂದಳು.

ತರಬೇಕಾಗಿಯೂ ಇರಲಿಲ್ಲ, ಅಜ್ಜಿಯ ಮಂಚದ ಅಂಚಿನಲ್ಲೇ ಬಿದ್ದಿತ್ತು. ಅಜ್ಜಿ ಕತೆಯ ನಟ್ಟನಡುವೆ ನಿಲ್ಲುತ್ತಿದ್ದಳು, ಈ ಕಡೆಯಿಂದ ಹೂಂ ಬರುವ ತನಕ ರಾಜಕುಮಾರನ ಎತ್ತಿದ ಕತ್ತಿ ಎತ್ತಿದಲ್ಲೇ, ರಕ್ಕಸನ ತೆರೆದ ಬಾಯಿ ತೆರೆದಲ್ಲೇ. ಅಲ್ಲಿದ್ದಾಗಲೂ ಭಾನುವಾರ ಮಧ್ಯಾಹ್ನ ಫೋನಿನಲ್ಲಿ ಕತೆ ಕೇಳಿದ್ದಳು, ತನ್ನ ದನಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಏಳು ಸಮುದ್ರ ದಾಟಿದ ಹುಡುಗಿಯ ಕತೆ, ಆಚೆ ದಡದಲ್ಲಿ ಇಳಿದು ಗಂಟು ಬಿಚ್ಚಿದಳಂತೆ ಮಗಾ, ಬಿಚ್ಚಿ ನೋಡ್ತಾಳೆ — ಇವಳು ಹೂಂ ಅಂದಳು, ಆದರೆ ಅಷ್ಟು ದೂರದ ಲೈನಿನಲ್ಲಿ ಹೂಂ ಅಜ್ಜಿಯನ್ನು ಮುಟ್ಟುವುದು ಮೂರು ಕ್ಷಣ ತಡ, ಏನೇ, ನಿದ್ದೆ ಬಂತಾ, ಇಲ್ಲಜ್ಜಿ ಕೇಳ್ತಿದೀನಿ, ಆ ಮಾತೂ ತಡ, ಎರಡು ಮಾತು ನಡುದಾರಿಯಲ್ಲಿ ಡಿಕ್ಕಿ ಹೊಡೆದುಕೊಂಡವು, ಇರಲಿ ಬಿಡು ಮಗಾ, ನಿಂಗೆ ಓದೋದಿರುತ್ತೆ. ಗಂಟಿನಲ್ಲಿ ಏನಿತ್ತು ಎಂದು ಅಜ್ಜಿ ಇವತ್ತಿನವರೆಗೂ ಹೇಳಿಲ್ಲ. ಬಂದ ಮೇಲೆ ಕೇಳಿದರೆ, ನಿಂಗೀಗ ನಮ್ಮ ಕತೆ ಎಲ್ಲಿ ರುಚಿಸುತ್ತೆ, ದೊಡ್ಡ ದೊಡ್ಡ ಪುಸ್ತಕ ಓದಿದೋಳು, ಎಂದು ಗೋಡೆಯ ಕಡೆ ಮಗ್ಗುಲಾದಳು. ತಡವಾಗಿ ಬಂದ ಒಂದು ಹೂಂ.

ಆರು, ಅಲ್ಲ, ಏಳೇ ಇರಬೇಕು, ಬೆರಳು ತಪ್ಪಿತು. ಮುಂದಿನ ಬೆಂಚಿನಲ್ಲಿ ಪಿಸುಪಿಸು, ಮಿಸ್‌ಗೆ ಮತ್ತೆ ಮರ್ತೋಯ್ತು ಕಣೇ, ಏಯ್ ಸುಮ್ನಿರೇ, ಎಣಿಸ್ತಾ ಇದಾರೆ. ಕೊನೆಯ ಬೆಂಚಿನಿಂದ ಟಿಕ್ ಎಂದು ಸಣ್ಣ ಸದ್ದು, ಹಿರಿಯ ಮೇಡಂ ಪೆನ್ನಿನ ಮುಚ್ಚಳ ತೆಗೆದರು, ಬರೆಯಲಿಲ್ಲ, ಕತ್ತೆತ್ತಿ ಅವಳನ್ನೇ ನೋಡಿದರು, ಬೇಡಮ್ಮ, ನನ್ನ ಕೈಯಿಂದ ಬರೆಸಬೇಡ ಅದನ್ನ, ಮಾತಾಡು, ಏನಾದ್ರೂ ಮಾತಾಡು, ಬಾಯಿಯಿಂದಲ್ಲ, ಕಣ್ಣಿನಿಂದಲೇ ಅಷ್ಟೂ. ಹಲಗೆಯ ಗುರುತು ಈಗ ಅಂಗೈಯಗಲ, ಈಗ ನಾಣ್ಯದಗಲ. ಎಂಟು. ಮೂರನೇ ಬೆಂಚಿನಲ್ಲಿ ತುಟಿ ಅಲುಗುತ್ತಿದೆ, ಅಲುಗುತ್ತಿದೆ, ನಿಂತಿತು. ತುಟಿ ನಿಂತಿತೆಂದರೆ ಗೂಡು ಕಟ್ಟಿ ಮುಗಿಯಿತು, ಇನ್ನು ಎರಡು ಬೆರಳು, ಎರಡೇ ಬೆರಳು ಸಾಕು, ಪೆನ್ನಿನ ಮುಳ್ಳು ಹಾಳೆಯ ಮೇಲೆ ಇಳಿಯುತ್ತಿದೆ, ಪಾಠದ ಮಧ್ಯೆ, ಇಲ್ಲ, ಇನ್ನೂ ಬರೆದಿಲ್ಲ, ಅಮ್ಮನ ಮುಖ, ಗಣಿತದ ಸರ್ ಕೈಗಡಿಯಾರ, ಹೋಗಿ ಬನ್ನಿ, ಒಂಬತ್ತು, ಗೊಂಬೆಯ ಕೈ ಬೆಂಚು ಬಿಟ್ಟಿತು, ಎದೆಯ ಹತ್ತಿರ ಬಂತು, ಎದೆ ದಾಟಿತು, ಕಿವಿಯ —

ನೀರು ಆವಿಯಾಗಿ ಗಾಳಿ ಸೇರಿಬಿಡುತ್ತೆ, ಅಲ್ವಾ ಮಕ್ಕಳೇ, ಯಾರೋ ತನ್ನದೇ ಬಾಯಿಂದ ಗಟ್ಟಿಯಾಗಿ, ಸ್ಪಷ್ಟವಾಗಿ, ಒಂದು ತಡವರಿಕೆಯೂ ಇಲ್ಲದೆ ಹೇಳುತ್ತಿರುವುದು ಅವಳಿಗೆ ಕೇಳಿಸಿತು, ಇದಕ್ಕೆ ಏನಂತಾರೆ, ಬಾಷ್ಪೀ, ಕರಣಾ ಎಂದಿತು ತರಗತಿ, ನಲವತ್ತು ಗಂಟಲು ಒಟ್ಟಿಗೆ, ಇನ್ನೊಂದ್ಸಲ ಜೋರಾಗಿ, ಬಾಷ್ಪೀ, ಕರಣಾ. ಗಂಟು ಬಿಚ್ಚಿತಲ್ಲ ಅಜ್ಜಿ, ಇಲ್ಲಿ ನೋಡು, ಬಿಚ್ಚಿದರೆ ಒಳಗಿದ್ದದ್ದು ಅವಳ ದನಿಯಲ್ಲ, ಹಿರಿಯ ಮೇಡಂ ದನಿ, ಅವರಿಗೆ ಕಲಿಸಿದವರ ದನಿ, ಅವರಿಗಿಂತ ಹಿಂದಿನವರ ದನಿ, ನೀರು ಕಾದ್ರೆ ಏನಾಗುತ್ತೆ, ಆವಿ, ಆವಿ ತಣಿದ್ರೆ, ನೀರು, ಎಷ್ಟು ಸಲೀಸಾಗಿ ಬರುತ್ತಿದೆ, ಅಲ್ಲಿಗೆ ಹೋಗಿಯೇ ಇರದವಳ ಹಾಗೆ, ಕೊನೆಯ ಬೆಂಚಿನಲ್ಲಿ ಪೆನ್ನು ಓಡುತ್ತಿದೆ, ಹಿರಿಯ ಮೇಡಂ ಮುಖ ಅರಳಿದೆ, ತಲೆಯಾಡಿಸುತ್ತಿದ್ದಾರೆ, ಭೇಷ್, ಭೇಷ್ ಕಣಮ್ಮ, ಕೆಲಸ ಉಳಿಯಿತು, ಕುಂಟು ಮೇಜು ಉಳಿಯಿತು, ಬಕೆಟ್ಟು ಉಳಿಯಿತು, ಹಲಗೆ ಪೂರ್ತಿ ಒಣಗಿದೆ, ಎಲ್ಲಿ ಒರೆಸಿದ್ದು ಎಂದು ಹೇಳಲೂ ಬಾರದಷ್ಟು, ಪುಸ್ತಕ ತೆಗೀರಿ ಮಕ್ಕಳೇ, ಪುಟಗಳ ಸರಸರ, ನಲವತ್ತು ತಲೆ ಕೆಳಗೆ, ಮೂರನೇ ಬೆಂಚು ನೋಡಬಾರದು, ಕಿಟಕಿಯ ಪಕ್ಕ ನೋಡಬಾರದು, ನೋಡಿದಳು, ಕೈ ಇನ್ನೂ ಅಲ್ಲೇ ಇದೆ, ಇಳಿದಿಲ್ಲ, ಕಿವಿಯ ಹತ್ತಿರ, ಬಿಗಿದು ಹೆಣೆದ ಎರಡು ಜಡೆ, ಒಂದು ಎಳೆಯೂ ಹೊರಗೆ ಬಿದ್ದಿಲ್ಲ, ಆದರೂ ಆ ಬೆರಳು ಹುಡುಕುತ್ತಿದೆ, ಕಿವಿಯ ಹಿಂದೆ, ಸಿಕ್ಕಿಸಲು ಒಂದು ಕೂದಲು, ಎಲ್ಲೂ ಇಲ್ಲದ ಒಂದು ಕೂದಲು, ಆ ಕೈ, ಕಿವಿಯ ಹತ್ತಿರ, ಆ ಕೈ