ಹೊಂಗೆರಾಣಿಯ ಒನ್ಸ್ ಮೋರ್

ಕಳವಾರದ ರಸ್ತೆಯಲ್ಲಿರುವ ಪಾರ್ಕಿನಲ್ಲಿ ನಾನು ಹೊಂಗೆರಾಣಿ. ಕಂಪನಿಯವರು ಮೊದಲು ಹೊಂಗೆರಾಣಿಯ ಸಿನಿಮಾ ತೆಗೆದರು. ಮಕ್ಕಳಿಗೆ ಅದು ಹಿಡಿಸಿದ ಮೇಲೆ ಪಾರ್ಕು ಕಟ್ಟಿದರು. ಸ್ಪೀಕರಿನಲ್ಲಿ ಸಿನಿಮಾದ ಹಾಡು ಬರುತ್ತದೆ. ನಾನು ಕಿರೀಟ ಇಟ್ಟುಕೊಂಡು ಬರೀ ತುಟಿ ಆಡಿಸಬೇಕು.

ಇದಕ್ಕೂ ಮೊದಲು ಗೌರಿಬಿದನೂರು, ಚಿಂತಾಮಣಿ ಕಡೆಯ ಪೌರಾಣಿಕ ನಾಟಕಗಳಲ್ಲಿ ಹಾಡುತ್ತಿದ್ದೆ. ಅಲ್ಲಿ ಜನ ‘ಒನ್ಸ್ ಮೋರ್’ ಎಂದರೆ ಪಾತ್ರಧಾರಿ ಮೊದಲು ನಿಂತಿದ್ದ ಜಾಗಕ್ಕೆ ವಾಪಸು ಬಂದು ಅದೇ ಪದ್ಯವನ್ನು ಮತ್ತೆ ಎತ್ತಬೇಕು. ಹಾರ್ಮೋನಿಯಂನವರು ಕಾಯುತ್ತಾರೆ. ಸ್ಪೀಕರ್ ಕಾಯುವುದಿಲ್ಲ ಎಂಬುದು ಕಳೆದ ಭಾನುವಾರ ನನಗೆ ಮರೆತೇಹೋಯಿತು. ಯಾರೋ ‘ಒನ್ಸ್ ಮೋರ್’ ಎಂದು ಕೂಗಿದರು. ಹಿಂದೆ ಬಂದು ಗಂಟಲು ತೆರೆದೇಬಿಟ್ಟೆ. ಸ್ಪೀಕರಿನ ರಾಣಿ ಹಾಡಿನ ಮುಂದಿನ ಸಾಲಿನಲ್ಲಿದ್ದಳು, ನಾನು ಹಿಂದಿನದರಲ್ಲಿ.

ಮ್ಯಾನೇಜರ್ ಮುರಳಿಮೋಹನ್ ರೇಗಿದರು. “ಮುನಿಲಕ್ಷ್ಮಿ, ಇದು ನಿಮ್ಮೂರ ನಾಟಕ ಅಲ್ಲಮ್ಮ. ಇನ್ನೊಂದ್ಸಲ ಬಾಯಿ ಬಿಟ್ರೆ ನಿಂಗೆ ಕರಡಿ ತಲೆನೇ ಗತಿ.”

ಕರಡಿಯ ತಲೆಯೊಳಗಿಂದ ಕೂಗಿದರೂ ಹೊರಗೆ ಕೇಳಿಸುವುದಿಲ್ಲ. ಈಗ ರಾಣಿಯ ಜೊತೆ ಕುಣಿಯುವ ಕರಡಿಯ ವೇಷದಲ್ಲಿರುವವನು ಶಿಡ್ಲಘಟ್ಟದ ಫಾಜಿಲ್. ಅವನು ನಕ್ಕ. “ಬಾಕ್ಕಾ, ಒಳಗೆ ಇಬ್ರಿಗೂ ಜಾಗ ಐತೆ. ಬೆವರು ಮಾತ್ರ ನಂದು ನಂಗೆ, ನಿಂದು ನಿಂಗೆ.” ಹಿಂದಕ್ಕೆ ಯಾಕೆ ಹೋದೆ ಎಂದು ಅವನು ಕೇಳಿದ್ದಕ್ಕೆ ನಾಟಕದ ಪದ್ಧತಿಯನ್ನು ವಿವರಿಸಿದೆ.

ತಪ್ಪು ನನ್ನದೇ ಇರಬಹುದು ಎಂದು ವಾರವಿಡೀ ಅಂದುಕೊಂಡೆ. ಕನ್ನಡಿಯ ಮುಂದೆ ತುಟಿ ಆಡಿಸುವುದನ್ನು ಅಭ್ಯಾಸ ಮಾಡಿದೆ.

ಈ ಭಾನುವಾರ ಹಾಡಿನ ಮಧ್ಯೆ ಮುಂದಿನ ಸಾಲಿನಿಂದ ಒಬ್ಬ ಮುದುಕಿ ಕೂಗಿದಳು. “ಒನ್ಸ್ ಮೋರ್! ಹೋದ ವಾರ ನಮ್ಮೂರೋರಿಗೆ ಹಾಡಿದ್ಯಂತೆ, ನಮಗ್ಯಾಕಿಲ್ಲ ಕಣಮ್ಮ?”

ನಾನು ತುಟಿ ಆಡಿಸುತ್ತಲೇ ಇದ್ದೆ.

“ಅಯ್ಯೋ, ಇವ್ಳಿಗೆ ಬಾಯಿ ಐತೆ, ಗಂಟ್ಲೇ ಇಲ್ಲ!”

ಎಲ್ಲರೂ ನಕ್ಕರು. ಪರದೆಯ ಪಕ್ಕದಲ್ಲಿ ಮುರಳಿಮೋಹನ್ ಬೇಡವೆಂದು ಬೆರಳು ಆಡಿಸುತ್ತಿದ್ದರು. ಅವರನ್ನು ನೋಡಿಕೊಂಡೇ ನಾನು ಹಿಂದಕ್ಕೆ ನಡೆದೆ. ಕರಡಿಯೂ ತಿರುಗಿ ಬಂದು ತನ್ನ ಮೊದಲಿನ ಜಾಗದಲ್ಲಿ ಕೈಕಟ್ಟಿ ನಿಂತಿತು.

ಹಾಡಿದೆ. ಸ್ಪೀಕರ್ ತನ್ನ ಪಾಡಿಗೆ ಮುಂದೆ ಓಡಿ, ಮುಗಿಸಿ ಸುಮ್ಮನಾಯಿತು. ನನ್ನದು ಇನ್ನೂ ಅರ್ಧ ಉಳಿದಿತ್ತು. ಆ ಅರ್ಧವನ್ನು ಜನ ನನ್ನ ದನಿಯಲ್ಲೇ ಕೇಳಿದರು. ಒಂದು ಕಡೆ ಸ್ವರ ಒಡೆಯಿತು, ಅದು ಈಗಲೂ ಚುಚ್ಚುತ್ತದೆ.

ಒಳಗೆ ಬರುವಷ್ಟರಲ್ಲಿ ಮುರಳಿಮೋಹನ್ ಇನ್ನೊಂದು ಕರಡಿ ತಲೆ ಹಿಡಿದು ನಿಂತಿದ್ದರು.

“ತಗೋ. ಮುಂದಿನ ಶೋಗೆ ಇದು.”

“ಹಾಕ್ಕೊಳಲ್ಲ ಸಾರ್.”

“ಹಂಗಾದ್ರೆ ಮನೆಗೆ ಹೋಗು.”

ಹೊರಗೆ ಆ ಮುದುಕಿಯ ಜೊತೆ ಮಕ್ಕಳೂ ಸೇರಿ ‘ಒನ್ಸ್ ಮೋರ್’ ಎನ್ನುತ್ತಿದ್ದರು.

“ಹೋಗ್ತೀನಿ ಸಾರ್. ಕರೀತಾವ್ರಲ್ಲ, ಅದೊಂದು ಮುಗಿಸ್ಕೊಂಡು ಹೋಗ್ತೀನಿ.”

ಕಿರೀಟ ಕಂಪನಿಯದು. ಅದನ್ನು ತೆಗೆದು ಅವರ ಕೈಯಲ್ಲಿದ್ದ ಕರಡಿ ತಲೆಯ ಮೇಲೆ ಇಟ್ಟೆ.

ರಂಗದ ಮೇಲೆ ಫಾಜಿಲ್ ಆಗಲೇ ತನ್ನ ಜಾಗದಲ್ಲಿ ನಿಂತಿದ್ದ. ಸ್ಪೀಕರ್ ಸುಮ್ಮನಿತ್ತು. ಶ್ರುತಿ ಎಲ್ಲಿ ಹಿಡಿಯಲಿ ಎಂದು ಒಂದು ಕ್ಷಣ ಹೆದರಿದೆ. ಆಮೇಲೆ, ಸಿನಿಮಾದಲ್ಲಿ ಇದ್ದದ್ದಕ್ಕಿಂತ ಮೇಲೆಯೇ ಹಿಡಿದೆ.