ಕರೆಯುವ ಹಾಗಿಲ್ಲದ ಹಬ್ಬ

ನನ್ನ ಗಂಡನ ಹೆಸರು ತಿಹೋಮಿರ್. ನಮ್ಮ ಭಾಷೆಯಲ್ಲಿ ಶಾಂತ ಸ್ವಭಾವದವನು ಎಂದು ಅರ್ಥ. ಆ ಹೆಸರಿಟ್ಟ ಪುಣ್ಯಾತ್ಮ ಈಗ ಕೈಗೆ ಸಿಕ್ಕಿದರೆ ನಾಲ್ಕು ಮಾತು ಬಿಸಿಬಿಸಿಯಾಗಿ ಕೇಳಿಬಿಡುತ್ತೇನೆ. ನಮ್ಮ ಲೆಸ್ಕೊವಾತ್ಸ್ ಊರಿನ ಗಂಡಸರಿಗೆ ಜಗಳವಾಡಲು ಜಮೀನು ಬೇಕಿಲ್ಲ, ರಾಜಕೀಯವೂ ಬೇಕಿಲ್ಲ. ಒಂದು ಬದನೆಕಾಯಿ ಸಾಕು.

ಆದದ್ದು ಇಷ್ಟು. ಸೆಪ್ಟೆಂಬರ್ ಬಂತೆಂದರೆ ಊರಿಗೆ ಊರೇ ಅಂಗಳಕ್ಕಿಳಿದು ಕೆಂಪು ದಪ್ಪಮೆಣಸಿನಕಾಯಿ ಸುಡುತ್ತದೆ. ಸುಟ್ಟು, ಸಿಪ್ಪೆ ಸುಲಿದು, ಎಣ್ಣೆಯಲ್ಲಿ ಕೈ ಸೋಲುವ ತನಕ ತಿರುವಿ, ಐವಾರ್ ಮಾಡಿ ಬಾಟಲಿಗೆ ತುಂಬುತ್ತೇವೆ. ಚಳಿಗಾಲವೆಲ್ಲ ಬ್ರೆಡ್ಡಿಗೆ ಅದೇ ಗತಿ. ನಮ್ಮೂರ ಐವಾರ್‌ಗೆ ಮೆಣಸಿನಕಾಯಿ, ಎಣ್ಣೆ, ಉಪ್ಪು ಬಿಟ್ಟರೆ ಬೇರೇನೂ ಬೀಳಕೂಡದು. ನನ್ನ ಮೈದುನ ರಂಜೆಲ್‌ನ ಹೆಂಡತಿ ಯಾಗೊದಾ ಉತ್ತರದ ಬನಾತ್ ಕಡೆಯವಳು. ಅವಳ ತವರಿನಲ್ಲಿ ಬದನೆಕಾಯಿಯನ್ನೂ ಹಾಕುತ್ತಾರೆ. ಮದುವೆಯಾಗಿ ಎರಡು ವರ್ಷ ಸುಮ್ಮನಿದ್ದವಳು ಈ ಸಲ ತನ್ನ ಅಮ್ಮ ಮಾಡುತ್ತಿದ್ದ ಹಾಗೆ ಮಾಡಿ, ಪ್ರೀತಿಯಿಂದ ಒಂದು ಬಾಟಲಿ ನಮಗೆ ತಂದುಕೊಟ್ಟಳು. ನನ್ನ ಗಂಡ, ಬೀದಿಯವರೆಲ್ಲ ನಮ್ಮ ಅಂಗಳದಲ್ಲಿ ಸೇರಿರುವಾಗಲೇ, ಬೆರಳದ್ದಿ ನೆಕ್ಕಿ ನೋಡಿದ.

"ಇದ್ಯಾವ ಐವಾರಮ್ಮಾ? ಆಸ್ಪತ್ರೆ ಊಟ ಇದ್ದಂಗಿದೆ," ಎಂದವನೇ ಬಾಟಲಿಯನ್ನು ನಾಯಿಯ ತಟ್ಟೆಗೆ ಬೋರಲು ಹಾಕಿದ.

ನಾಯಿ ಚೊಕ್ಕವಾಗಿ ನೆಕ್ಕಿ ಮುಗಿಸಿ, ಇನ್ನೂ ಬೇಕೆಂದು ಬಾಲ ಆಡಿಸಿತು. ಜನ ನಕ್ಕರು.

"ಅದನ್ನ ಪಕ್ಕದ ನೀಶ್ ಊರಿಂದ ತಂದಿದ್ದು. ಅದಕ್ಕೇನು ಗೊತ್ತು ರುಚಿ?" ಎಂದ ನನ್ನ ಗಂಡ, ನಾಯಿಯನ್ನೂ ಬಿಡದೆ.

ಯಾಗೊದಾಳ ಕಣ್ಣು ತುಂಬಿತು. ರಂಜೆಲ್ ಖಾಲಿ ಬಾಟಲಿ ಎತ್ತಿಕೊಂಡು, ಹೆಂಡತಿಯ ಕೈ ಹಿಡಿದು ಹೊರಟುಹೋದ. ಅವರ ಮನೆ ಇರುವುದು ಇದೇ ಬೀದಿಯ ಕೆಳತುದಿಯಲ್ಲಿ. ಅಂದಿನಿಂದ ಅಣ್ಣತಮ್ಮಂದಿರ ಮಾತು ನಿಂತುಹೋಯಿತು.

ನಿಲ್ಲಲಿ, ಗಂಡಸರ ಮೌನ ನನಗೇನು ಹೊಸದಲ್ಲ. ಆದರೆ ಡಿಸೆಂಬರ್ ಹತ್ತಿರ ಬರುತ್ತಿತ್ತು, ಸಂತ ನಿಕೋಲಾನ ದಿನ, ನಮ್ಮ ಮನೆತನದ ಸ್ಲಾವಾ, ಅಂದರೆ ಮನೆ ಕಾಯುವ ಸಂತನ ಹಬ್ಬ. ಸ್ಲಾವಾಕ್ಕೆ ಯಾರನ್ನೂ ಕರೆಯುವುದಿಲ್ಲ. ಕರೆದರೆ, ನೀನು ಹೊರಗಿನವನು ಎಂದು ಮುಖಕ್ಕೆ ಹೇಳಿದ ಹಾಗೆ. ಬರುವವರು ತಾವಾಗಿ ಬರುತ್ತಾರೆ, ಬಂದವರಿಗೆ ಹೊಟ್ಟೆ ಬಿರಿಯುವಷ್ಟು ಬಡಿಸಬೇಕು. ಬೆಳಗ್ಗೆ ಹಚ್ಚಿದ ಮೇಣದಬತ್ತಿಯನ್ನು ಸಂಜೆ ವೈನ್ ಹನಿಸಿ ಆರಿಸುವವರೆಗೆ ಮನೆಯ ಯಜಮಾನ ಕೂರುವ ಹಾಗಿಲ್ಲ, ಹೊಸಿಲು ದಾಟುವ ಹಾಗೂ ಇಲ್ಲ. ಇಷ್ಟು ವರ್ಷ ಅಣ್ಣತಮ್ಮ ಇಬ್ಬರೂ ನಮ್ಮ ಮನೆಯಲ್ಲಿ ಒಂದೇ ಬತ್ತಿಯ ಹತ್ತಿರ ನಿಂತು ಬಡಿಸುತ್ತಿದ್ದರು. ರಂಜೆಲ್ ಈ ವರ್ಷ ತನ್ನ ಮನೆಯಲ್ಲಿ ಬೇರೆ ಬತ್ತಿ ಹಚ್ಚಿಬಿಟ್ಟರೆ ಕಥೆ ಮುಗಿಯಿತು. ಒಂದೇ ದಿನ ಇಬ್ಬರು ಯಜಮಾನರು. ಇವನು ಅಲ್ಲಿಗೆ ಹೋಗುವ ಹಾಗಿಲ್ಲ, ಅವನು ಇಲ್ಲಿಗೆ ಬರುವ ಹಾಗಿಲ್ಲ. ಸಾಯುವ ತನಕ ಆ ದಿನ ಇಬ್ಬರೂ ಒಂದು ಮೇಜಿನ ಹತ್ತಿರ ಸೇರುವುದಿಲ್ಲ.

ರಂಜೆಲ್‌ಗೆ ಹಾಲುಹಲ್ಲು ಬೀಳುವ ಮೊದಲೇ ನಾನು ಈ ಮನೆಗೆ ಸೊಸೆಯಾಗಿ ಬಂದವಳು. ಅತ್ತೆ ಬೇಗ ತೀರಿಕೊಂಡರು. ಅವನ ತಲೆ ಬಾಚಿದವಳು, ಮೂಗು ಒರೆಸಿದವಳು, ಮದುವೆಯ ದಿನ ಅವನ ಕೋಟಿನ ಗುಂಡಿ ಹಾಕಿದವಳು ನಾನು. ಅವನಿಲ್ಲದ ಸ್ಲಾವಾ ನನಗೆ ಸ್ಲಾವಾವೇ ಅಲ್ಲ.

"ನಿನ್ನ ತಮ್ಮನ್ನ ಕರಿಯೋ," ಎಂದೆ ಗಂಡನಿಗೆ.

"ಸ್ಲಾವಾಗೆ ಕರೀಬೇಕಾ? ಇದೇ ಮನೇಲಿ ಹುಟ್ಟಿದವನಿಗೆ ಮದುವೆ ಪತ್ರಿಕೆ ಅಚ್ಚು ಹಾಕಿಸ್ಲಾ? ಅವನಿಗೆ ಕಾಲಿಲ್ವಾ?"

"ಅವಳ ಹತ್ರ ಒಂದು ಮಾತು ತಪ್ಪಾಯ್ತು ಅನ್ನು, ಸಾಕು."

"ಬದನೆಕಾಯಿಗೆ ತಪ್ಪಾಯ್ತು ಅನ್ಲಾ? ಈ ಲೆಸ್ಕೊವಾತ್ಸ್‌ನಲ್ಲಿ? ಜನ ಏನಂತಾರೆ?"

ಸರಿ, ಇವನು ಕಲ್ಲುಬಂಡೆ ಎಂದು ಬೀದಿಯ ಕೆಳಗಿಳಿದು ತಮ್ಮನ ಮನೆಗೆ ಹೋದೆ. ರಂಜೆಲ್ ಕಟ್ಟಿಗೆ ಒಡೆಯುತ್ತಿದ್ದ.

"ಸ್ಲಾವಾಗೆ ಬಂದ್ಬಿಡೋ, ನನ್ನಪ್ಪ."

"ಅಣ್ಣ ಹೇಳಿ ಕಳಿಸಿದ್ನಾ ಅತ್ತಿಗೆ?"

"ಸ್ಲಾವಾಗೆ ಯಾರಾದ್ರೂ ಹೇಳಿ ಕಳಿಸ್ತಾರೇನೋ?"

"ಇಲ್ವಲ್ಲ? ಮತ್ತೆ ನೀನ್ಯಾಕೆ ಹೇಳೋಕೆ ಬಂದೆ? ನಾನೇನು ಹೊರಗಿನವನಾ?"

ಕರೆದರೆ ಅವಮಾನ, ಕರೆಯದಿದ್ದರೆ ಕೋಪ! ಆ ಕಟ್ಟಿಗೆಯಿಂದಲೇ ಇಬ್ಬರಿಗೂ ಒಂದೊಂದು ಬಿಡಬೇಕು ಅನ್ನಿಸಿತು. ಯಾಗೊದಾ ಬಾಗಿಲಲ್ಲಿ ನಿಂತು, "ಅಕ್ಕಾ, ನನ್ನದೇ ತಪ್ಪು. ಮುಂದಿನ ವರ್ಷ ಬದನೆಕಾಯಿ ಮುಟ್ಟಲ್ಲ," ಎಂದಳು. "ನೀನು ಸುಮ್ನಿರು, ಗಾಡಿಗಟ್ಟಲೆ ಹಾಕು," ಎಂದು ಬೈದು ಬಂದೆ.

ಸ್ಲಾವಾಕ್ಕೆ ಮುಂಚೆ ಪಾದ್ರಿಗಳು ಮನೆಮನೆಗೆ ಬಂದು ಹಬ್ಬದ ನೀರನ್ನು ಮಂತ್ರಿಸಿಕೊಡುತ್ತಾರೆ. ನಮ್ಮಲ್ಲಿಗೆ ಬಂದವರು ಕಾಫಿ ಹೀರುತ್ತ, "ಈ ಸಲ ರಂಜೆಲ್ ಮನೇಲೂ ನೀರು ಮಂತ್ರಿಸ್ಕೊಟ್ಟೆ. ಒಳ್ಳೇದಾಯ್ತು, ಒಂದಿದ್ದ ಸ್ಲಾವಾ ಎರಡಾಯ್ತು," ಎಂದರು. ಅವರಿಗೆ ಅದು ಸಂತೋಷದ ಸುದ್ದಿ. ನನ್ನ ಗಂಡ ಬಿಳಿಚಿಕೊಂಡ. ಪಾದ್ರಿಗಳು ಹೋದ ಮೇಲೆ, "ಹಚ್ಚಲಿ, ಹಚ್ಚಲಿ. ದೊಡ್ಡ ಮನುಷ್ಯ ಆಗಿದಾನೆ," ಎಂದು ಗೊಣಗಿದ. ನಾನು ಕಾಫಿ ಲೋಟವನ್ನು ಒಡೆಯುವಷ್ಟು ಜೋರಾಗಿ ತೊಳೆದೆ.

ಹಬ್ಬದ ದಿನ ಬಂತು. ಸಂತ ನಿಕೋಲಾ ಉಪವಾಸದ ದಿನಗಳಲ್ಲೇ ಬರುವುದರಿಂದ ಮಾಂಸವಿಲ್ಲ. ಮೀನು, ಹುರುಳಿಕಾಯಿ ಬೀಜದ ಪಲ್ಯ, ಎಣ್ಣೆಯ ತಿಂಡಿ. ನಸುಕಿನಲ್ಲೇ ಎದ್ದು ಗೆಂಡೆ ಮೀನು ಕರಿಯಲು ನಿಂತವಳು ನಾನು. ಬತ್ತಿ ಹಚ್ಚುವಾಗ ನನ್ನ ಗಂಡ ಅಭ್ಯಾಸಬಲದಿಂದ ಎಡಕ್ಕೆ ಸರಿದು ತಮ್ಮನಿಗೆ ಜಾಗ ಬಿಟ್ಟ. ಆಮೇಲೆ ಜ್ಞಾಪಕವಾಗಿ ಕೆಮ್ಮಿ, ನಡುವೆ ಬಂದು ನಿಂತ.

ಮಧ್ಯಾಹ್ನದ ಹೊತ್ತಿಗೆ ಮನೆ ಗಿಜಿಗುಟ್ಟುತ್ತಿತ್ತು. ಬಂದವರಿಗೆ ಮೊದಲು ಸಕ್ಕರೆ, ಅಕ್ರೋಟು ಬೆರೆಸಿದ ಗೋಧಿ ಒಂದೊಂದು ಚಮಚ, ಆಮೇಲೆ ಒಂದು ಗುಟುಕು ಹಣ್ಣಿನ ಸಾರಾಯಿ, ನಮ್ಮ ರಾಕಿಯಾ, ಆಮೇಲೆ ತಟ್ಟೆ ತುಂಬ ಊಟ. ನಮ್ಮ ಮದುವೆಗೆ ಸಾಕ್ಷಿ ನಿಂತಿದ್ದ ವಿದೋಯೆ ಸೋಫಾದಲ್ಲಿ ಹೂತುಕೊಂಡು ಕೂತಿದ್ದ. ಅವನನ್ನು ಏಳಿಸಲು ಎತ್ತು ಕಟ್ಟಿ ಎಳೆಯಬೇಕು. ರಂಜೆಲ್‌ನ ಎದುರು ಮನೆಯ ಪೆರ್ಸಾ ಕೂಡ ಬಂದಿದ್ದಳು.

"ರಂಜೆಲ್ ಮನೇಲಿ ಜನ ಹ್ಯಾಗೆ?" ಎಂದು ಅವಳನ್ನು ಅಡುಗೆಮನೆಗೆ ಎಳೆದು ಕೇಳಿದೆ.

"ಯಾರಿಗಮ್ಮಾ ಗೊತ್ತು? ನಾನು ಹೋಗ್ಲಿಲ್ಲ."

"ಎದುರುಮನೆಯಲ್ಲಿದ್ದು ಹೋಗ್ಲಿಲ್ವಾ?"

"ಅಲ್ಲಿ ಯಾವತ್ತು ಹೋಗಿದ್ವಿ ನಾವು? ನಮ್ಮ ಕಾಲಿಗೆ ಗೊತ್ತಿರೋದು ಇದೇ ಮನೆ. ಅವರೂ ಏನೂ ಹೇಳ್ಲಿಲ್ಲ."

"ಸ್ಲಾವಾಗೆ ಯಾರು ಹೇಳ್ತಾರೆ ಪೆರ್ಸಾ!"

"ಅದೇ ನಾನೂ ಹೇಳೋದು," ಎಂದು ಅವಳು ಇನ್ನೊಂದು ತುಂಡು ಮೀನು ಬಾಯಿಗಿಟ್ಟಳು.

ಹೊಸದಾಗಿ ಬತ್ತಿ ಹಚ್ಚಿದ ಹುಡುಗ, ಕರೆಯುವ ಹಾಗಿಲ್ಲ. ಜನಕ್ಕೆ ಗೊತ್ತಿಲ್ಲ, ಗೊತ್ತಿದ್ದವರಿಗೆ ಅಭ್ಯಾಸವಿಲ್ಲ. ಏಪ್ರನ್ ಬಿಚ್ಚದೆಯೇ ಹಿಂಬಾಗಿಲಿಂದ ಹೊರಬಿದ್ದೆ. ಹಬ್ಬದ ಮನೆಯ ಯಜಮಾನಿ ಹಬ್ಬದ ದಿನ ಇನ್ನೊಬ್ಬರ ಹಬ್ಬಕ್ಕೆ ಹೋಗುವುದನ್ನು ಈ ಬೀದಿ ಕಂಡಿರಲಿಲ್ಲ. ಕಾಣಲಿ. ಬತ್ತಿ ಕಾಯಬೇಕಾದವನು ಯಜಮಾನ, ನಾನು ಕಾಯುವುದು ಒಲೆ ಮಾತ್ರ.

ರಂಜೆಲ್ ಮನೆಯ ಬಾಗಿಲು ತೆರೆದೇ ಇತ್ತು. ಮೇಜಿನ ಮೇಲೆ ಇಸ್ತ್ರಿ ಮಾಡಿದ ಬಿಳಿ ಬಟ್ಟೆ, ಸಾಲಾಗಿ ಜೋಡಿಸಿದ ತಟ್ಟೆಗಳು, ನೀಟಾಗಿ ಮಡಚಿದ ಕರವಸ್ತ್ರಗಳು. ಗೋಧಿಯ ಗುಡ್ಡೆಯ ಮೇಲೆ ಸಕ್ಕರೆಪುಡಿಯಲ್ಲಿ ಬಿಡಿಸಿದ ಶಿಲುಬೆ ಒಂದು ಕಾಳೂ ಅಲುಗದೆ ಹಾಗೇ ಇತ್ತು. ಯಾಗೊದಾ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಅತ್ತು ಮುಖ ಊದಿರಬೇಕು. ರಂಜೆಲ್ ಕೋಟು ತೊಟ್ಟು, ಉರಿಯುವ ಬತ್ತಿಯ ಪಕ್ಕ ನಿಂತಿದ್ದ. ಬೆಳಗ್ಗೆಯಿಂದ ನಿಂತೇ ಇದ್ದ. ಯಜಮಾನ ಕೂರುವ ಹಾಗಿಲ್ಲವಲ್ಲ.

"ಅತ್ತಿಗೆ," ಎಂದ. "ನೀನೇ ಮೊದಲು."

ನಾನು ಕೂತೆ. ಗೋಧಿ ತಿಂದೆ, ರಾಕಿಯಾ ಕುಡಿದೆ, ಅವನು ಬಡಿಸಿದ್ದನ್ನೆಲ್ಲ ತಿಂದೆ. ಬದನೆಕಾಯಿಯ ಐವಾರನ್ನೂ ಬ್ರೆಡ್ಡಿಗೆ ಸವರಿ ತಿಂದೆ. ಚೆನ್ನಾಗಿತ್ತು, ಯಾಕೆ ಸುಳ್ಳು ಹೇಳಲಿ. "ಜನ ಸಂಜೆಗೆ ಬರ್ತಾರೇನೋ," ಎಂದು ಅವನು ಕಿಟಕಿಯ ಕಡೆ ನೋಡಿದಾಗ ನನಗೆ ತಡೆಯಲಾಗಲಿಲ್ಲ. ಎದ್ದು ಮನೆಗೆ ಬಂದೆ.

ನನ್ನ ಗಂಡ ಅಡುಗೆಮನೆಯಲ್ಲಿ ತಟ್ಟೆ ಹುಡುಕುತ್ತ ಬೆವರುತ್ತಿದ್ದ.

"ಎಲ್ಲಿ ಹಾಳಾಗಿ ಹೋಗಿದ್ದೆ? ಜನ ಕಾಯ್ತಿದಾರೆ!"

"ಸ್ಲಾವಾಗೆ ಹೋಗಿದ್ದೆ. ಯಾರೂ ಕರೀಲಿಲ್ಲ, ನಾನೇ ಹೋದೆ. ಕೇಳಿಸ್ಕೋ. ನಿನ್ನ ತಮ್ಮ ಬೆಳಗ್ಗೆಯಿಂದ ಖಾಲಿ ಮನೇಲಿ ನಿಂತಿದಾನೆ. ಒಂದು ನರಪಿಳ್ಳೆ ಬಂದಿಲ್ಲ."

"ಯಾರೂ ಬಂದಿಲ್ವಾ?"

"ಯಾರೂ."

"ವಿದೋಯೆ ಆದ್ರೂ?"

"ವಿದೋಯೆ ನಿನ್ನ ಸೋಫಾದಲ್ಲಿ ಮೂರನೇ ತಟ್ಟೆ ಖಾಲಿ ಮಾಡ್ತಿದಾನೆ, ಕಣ್ಣು ಕಾಣ್ಸಲ್ವಾ?"

ಅವನು ಕೈ ಒರೆಸಿಕೊಂಡು ಹಜಾರಕ್ಕೆ ಹೋದ. ಇನ್ನೊಂದು ಸುತ್ತು ರಾಕಿಯಾ ಸುರಿಯಲು ಹೋದನೆಂದುಕೊಂಡು ನಾನು ಹಲ್ಲು ಕಡಿದೆ. ಆಗ ಅವನ ದನಿ ಕೇಳಿಸಿತು.

"ಎಲ್ರೂ ಕ್ಷಮಿಸ್ಬೇಕು. ಮೀನು ಮುಗಿದುಹೋಯ್ತು."

ನಮ್ಮ ಕಡೆ ಸ್ಲಾವಾದ ಮನೆಯಲ್ಲಿ ಊಟ ಸಾಲದೆ ಬಂತೆಂದರೆ ಯಜಮಾನ ಮೊಮ್ಮಕ್ಕಳ ಕಾಲದವರೆಗೂ ತಲೆ ಎತ್ತುವ ಹಾಗಿಲ್ಲ. ಸಾಲ ಮಾಡಿಯಾದರೂ ಉಳಿಯುವಷ್ಟು ಮಾಡುತ್ತಾರೆ. ನನ್ನ ಒಲೆಯಲ್ಲಿ ಆಗ ಎರಡು ದೊಡ್ಡ ತಟ್ಟೆ ಗೆಂಡೆ ಮೀನು ಬಿಸಿಯಾಗಿ ಕೂತಿತ್ತು.

"ತಿಹೋಮಿರ್ ಮನೇಲಿ ಮೀನು ಮುಗಿಯೋದಾ?" ಎಂದ ವಿದೋಯೆ.

"ಒಲೆ ಕಡೆಯಿಂದ ಘಮಘಮ ಅಂತಿದೆಯಲ್ಲ?" ಎಂದಳು ಪೆರ್ಸಾ, ಅವಳ ಮೂಗಿಗೆ ಬೆಂಕಿ ಬೀಳಲಿ.

"ಅದು ಸುಟ್ಟುಹೋಯ್ತು. ನನ್ನ ಹೆಂಡ್ತಿ ಮೀನು ಸುಟ್ಟುಬಿಟ್ಟಳು."

ನಾನು! ಬದುಕಿನಲ್ಲಿ ಒಂದು ಮೀನಿನ ಬಾಲವನ್ನೂ ಕರಕಲು ಮಾಡದ ನಾನು! ಸೌಟು ಹಿಡಿದು ಹೊರಟವಳು ಬಾಗಿಲಲ್ಲೇ ನಿಂತೆ. ಅವನ ಕಿವಿ ಬೀಟ್‌ರೂಟ್ ಬಣ್ಣಕ್ಕೆ ತಿರುಗಿತ್ತು.

"ಕೆಳಗೆ ರಂಜೆಲ್ ಮನೇಲಿ ಮೀನಿದೆ," ಎಂದ ಅವನು. "ಅವನೂ ಬತ್ತಿ ಹಚ್ಚಿದಾನೆ. ಅದೂ ನಮ್ಮದೇ ಸ್ಲಾವಾ. ಅವನ ಹೆಂಡ್ತಿ ಅಡುಗೆ ಚೆನ್ನಾಗಿ ಮಾಡ್ತಾಳೆ. ಹೋಗಿ ಊಟ ಮಾಡಿ."

ವಿದೋಯೆ ನನ್ನ ಗಂಡನ ಮುಖವನ್ನು ತುಸು ಹೊತ್ತು ನೋಡಿದ. ಆಮೇಲೆ, ಯಾರೂ ಎಳೆಯದೆಯೇ, ಸೋಫಾದಿಂದ ಎದ್ದು ಕೋಟು ಹಾಕಿಕೊಂಡ. ಅವನ ಹಿಂದೆ ಉಳಿದವರೂ ಎದ್ದರು. ಹಿಮ ತುಳಿಯುತ್ತ ಅಷ್ಟೂ ಜನ ಬೀದಿಯ ಕೆಳಗೆ ನಡೆದರು. ನನ್ನ ಗಂಡ ಹೊಸಿಲ ಒಳಗೇ ನಿಂತು, ಕೊನೆಯವನು ರಂಜೆಲ್ ಮನೆ ಹೊಗುವ ತನಕ ಕತ್ತು ಚಾಚಿ ನೋಡಿದ.

"ಆಯ್ತು," ಎಂದ. "ನಾನೇ ಬಾಯಾರೆ ಹೇಳಿಬಿಟ್ಟೆ. ಇನ್ನು ಅದು ಅವನ ಸ್ಲಾವಾ. ಮುಂದಿನ ವರ್ಷವೂ ಅವನು ಬರೋ ಹಾಗಿಲ್ಲ, ನಾನು ಹೋಗೋ ಹಾಗಿಲ್ಲ."

"ಇದನ್ನೇ ನಾನು ಬಾಯಿ ಬಡ್ಕೊಂಡಿದ್ದು! ಆಗ ನಿನ್ನ ಕಿವಿ ಎಲ್ಲಿತ್ತು?"

"ಗೊತ್ತಿತ್ತು ಕಣೆ. ಬರ್ತಾನೆ ಅಂದ್ಕೊಂಡಿದ್ದೆ."

"ಬತ್ತಿ ಆರಿಸಿ ಹೋಗಿ ಬಾ. ಒಂದು ಗಳಿಗೆ."

"ತಲೆ ಕೆಟ್ಟಿದೆಯಾ ನಿನಗೆ? ಹಾಡಹಗಲಲ್ಲಿ ಸಂತನ ಬತ್ತಿ ಆರಿಸ್ತಾರಾ?"

ಈ ಜನರ ಜೊತೆ ಬಾಳುವುದೆಂದರೆ ಗೋಡೆಯ ಜೊತೆ ಬಾಳಿದ ಹಾಗೆ. ಇನ್ನೂ ಏನೇನೋ ಬೈಯುವುದಿತ್ತು. ಅಷ್ಟರಲ್ಲಿ ಅವನು ಒಲೆಯ ಬಾಗಿಲು ತೆರೆದು, ಮೀನಿನ ತಟ್ಟೆ ಹೊರಗೆಳೆದ. ದೊಡ್ಡದೊಂದು ತುಂಡನ್ನು ಆರಿಸಿ, ಮುಳ್ಳನ್ನೆಲ್ಲ ಒಂದೊಂದಾಗಿ ತೆಗೆದು, ತಟ್ಟೆಗೆ ಹಾಕಿ ನನ್ನ ಕೈಗಿಟ್ಟ.

"ಕೊಟ್ಟು ಬಾ ಅವನಿಗೆ."

"ಅಷ್ಟು ಜನರ ಮುಂದೆ ಇದನ್ನ ಹಿಡ್ಕೊಂಡು ಹೋಗ್ಲಾ? ಮೀನು ಎಲ್ಲಿಂದ ಬಂತು ಅಂತ ಕೇಳಿದ್ರೆ?"

"ಸುಳ್ಳು ಹೇಳಿದೆ ಅಂತ ಹೇಳು. ಎಲ್ರಿಗೂ ಹೇಳು."

ಅವನು ತನಗೂ ಒಂದು ತುಂಡು ತೆಗೆದುಕೊಂಡು, ಖಾಲಿ ಹಜಾರದಲ್ಲಿ ಬತ್ತಿಯ ಪಕ್ಕ, ಎಡಕ್ಕೆ ಸರಿದು ನಿಂತ.

"ಅವನು ನಿಂತೇ ಇರ್ತಾನೆ, ಕೂರಲ್ಲ. ನಿಂತ್ಕೊಂಡೇ ತಿನ್ನು ಅಂತ ಹೇಳು. ಅಣ್ಣನೂ ಅಲ್ಲಿ ನಿಂತ್ಕೊಂಡು ತಿಂತಿದಾನೆ ಅನ್ನು. ಬೇಗ ಹೋಗೇ, ಅವನು ಬಾಯಿಗಿಡೋ ತನಕ ನಾನು ತಿನ್ನಲ್ಲ."

ನಾನು ತಟ್ಟೆಗೆ ಬಟ್ಟೆ ಮುಚ್ಚಿಕೊಂಡು, ಇಬ್ಬರನ್ನೂ ಬಾಯಿಗೆ ಬಂದ ಹಾಗೆ ಬೈಯುತ್ತ, ಹಿಮದಲ್ಲಿ ಓಡಿದೆ.